ಹೊಳೆಗೆ ದಡವೂ ಬೇಕು
(ಗೋರೆಗಾಂವ್‌ನ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಸಂಘಗಳ ವೇದಿಕೆಗಳಲ್ಲಿ ಸಾಮಾನ್ಯವಾಗಿ ಭಾಷೆಯ ಅಳಿವು ಉಳಿವು, ಗಡಿಯ ಪ್ರಶ್ನೆ, ಕನ್ನಡ ಶಾಲೆಗಳ ಸ್ಥಿತಿಗತಿ ಇವುಗಳ ಮೇಲೆ ಉಪನ್ಯಾಸಗಳಾಗುತ್ತವೆ. ಅವೆಲ್ಲ ಆಗಬೇಕಾದವೇ. ಆದರೆ ಇಂದು ನಾನು ಆಯ್ದುಕೊಂಡಿರುವುದು ಹೊಳೆಯ ವಿಷಯವನ್ನು. ಇನ್ನೂ ಖಚಿತವಾಗಿ ಹೇಳುವುದಾದರೆ, ಹೊಳೆಯ ದಡದ ವಿಷಯವನ್ನು. ಇದು ಇಂಜಿನಿಯರುಗಳಿಗೆ ಬಿಟ್ಟ ವಿಚಾರವಲ್ಲವೇ ಎಂದು ನೀವು ಕೇಳಬಹುದು. ಇಂಜಿನಿಯರುಗಳಿಗೆ ಮಾತ್ರ ಬಿಟ್ಟಿದ್ದರಿಂದ ಏನಾಯಿತೆಂಬುದು ಈ ಉಪನಗರದಲ್ಲಿ ವಾಸಿಸುವ ನಮಗೆ 2005ರ ಜುಲೈ 26ರಂದು ಚೆನ್ನಾಗಿಯೇ ತಿಳಿದುಬಂದಿದೆ.

ಮೊದಲು ಒಂದು ಸರಳ ಪ್ರಶ್ನೆ. ಈ ಊರಿನ ಹೊಳೆಯ ಹೆಸರೇನು? ನಮ್ಮಲ್ಲಿ ಅನೇಕರು ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಸೌಪರ್ಣಿಕಾ ಎಂದು ಊರ ಕಡೆಯ ನದಿಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಉತ್ತರ ಕರ್ನಾಟಕದಿಂದ ಬಂದವರಿಗೆ ಕೃಷ್ಣೆ, ಭೀಮೆ, ಘಟಪ್ರಭೆ, ಡೋಣಿಗಳ ಪರಿಚಯವಿದೆ. ಆದರೆ ಎರಡು ಮೂರು ತಲೆಮಾರು ಬಾಳಿದ ಗೋರೆಗಾಂವ್‌ನಲ್ಲಿ ಹರಿಯುವ ನೀರಿಗೆ ನಾವು ಕೊಟ್ಟಿರುವ ಹೆಸರು ಒಂದೇ: ನಾಲಾ. ಮೂಗು ಮುಚ್ಚಿಕೊಂಡು ದಾಟಿಹೋಗುವ ನಾಲಾ. ಅದಕ್ಕೆ ಓಶಿವರಾ ಎಂಬ ಹೆಸರಿದೆ. ಅದಕ್ಕೆ ಸೇರುವ ವಾಲ್‌ಭಟ್ ಎಂಬ ಉಪನದಿಯೂ ಇದೆ. ಗೋರೆಗಾಂವ್ ಪೂರ್ವದ ವಾಲ್‌ಭಟ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಆ ಹೆಸರಿನದೊಂದು ನದಿಯೂ ಉಂಟೆಂದು ಬಲ್ಲವರು ಎಷ್ಟು ಮಂದಿ? ಜೋಗೇಶ್ವರಿ ಮತ್ತು ಗೋರೆಗಾಂವ್‌ಗಳ ನಡುವೆ 2016ರ ಡಿಸೆಂಬರಿನಲ್ಲಿ ಆರಂಭವಾದ ರೈಲು ನಿಲ್ದಾಣಕ್ಕೆ ಯೋಜನೆಯ ಹಂತದಲ್ಲಿ ಓಶಿವರಾ ಎಂಬ ಹೆಸರಿತ್ತು. ಕೊನೆಗೆ ಅದು ರಾಮ ಮಂದಿರ ನಿಲ್ದಾಣವಾಯಿತು. ಆ ಹೆಸರಿನ ಕುರಿತು ನನ್ನ ತಕರಾರಿಲ್ಲ. ನದಿಯೊಂದು ಜನರ ಬಾಯಿಯಿಂದ ಮರೆಯಾಗುವ ಬಗೆಯನ್ನಷ್ಟೇ ಇಲ್ಲಿ ಸೂಚಿಸುತ್ತಿದ್ದೇನೆ. ಹೆಸರು ಕಳೆದುಕೊಂಡ ನದಿಗೆ ದಡ ಕಳೆದುಕೊಳ್ಳಲು ಬಹಳ ಕಾಲ ಬೇಕಾಗುವುದಿಲ್ಲ.

ಮುಂಬಯಿ ಉಪನಗರಗಳಲ್ಲಿ ನಾಲ್ಕು ಮುಖ್ಯ ನದಿಗಳಿವೆ: ದಹಿಸರ್, ಪೊಯಿಸರ್, ಓಶಿವರಾ ಮತ್ತು ಮಿಠಿ. ನಾಲ್ಕೂ ಹುಟ್ಟುವುದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಅದಕ್ಕೆ ಅಂಟಿಕೊಂಡಿರುವ ಆರೇ ಪ್ರದೇಶದ ಗುಡ್ಡಗಳಲ್ಲಿ. ಓಶಿವರಾ ಆರೇಯಿಂದ ಇಳಿದು ನಮ್ಮ ಗೋರೆಗಾಂವ್‌ನ್ನು ಹಾದು ಮಾಲಾಡ್ ಖಾರಿಯನ್ನು ಸೇರುತ್ತದೆ. ಮಿಠಿ ನದಿ ವಿಹಾರ ಮತ್ತು ಪವಾಯಿ ಸರೋವರಗಳ ಹೆಚ್ಚುವರಿ ನೀರನ್ನು ಹೊತ್ತು ಸುಮಾರು 18 ಕಿ.ಮೀ. ಹರಿದು ಮಾಹಿಮ್ ಖಾರಿಯಲ್ಲಿ ಸಮುದ್ರವನ್ನು ಕೂಡುತ್ತದೆ. ಇವು ಗಂಗೆ, ಗೋದಾವರಿಗಳಂತಹ ಮಹಾನದಿಗಳಲ್ಲ. ನಮ್ಮ ಕರಾವಳಿಯ ಹೊಳೆಗಳ ಕಿರಿಯ ತಂಗಿಯರು. ಗುಡ್ಡದಲ್ಲಿ ಹುಟ್ಟಿ, ಕಡಿದಾಗಿ ಇಳಿದು, ಬಯಲಿಗೆ ಬಂದೊಡನೆ ನಿಧಾನವಾಗಿ, ಭರತ ಇಳಿತಗಳ ಉಪ್ಪುನೀರಿನೊಡನೆ ಬೆರೆಯುವ ಕಿರುನದಿಗಳು. ವರ್ಷದ ಮಳೆಯೆಲ್ಲ ನಾಲ್ಕು ತಿಂಗಳಲ್ಲಿ ಸುರಿಯುವುದರಿಂದ ಇವುಗಳ ಸ್ವಭಾವವೇ ಏರಿಳಿತದ್ದು. ಇಂತಹ ನದಿಗಳಿಗೆ ಇತರ ನದಿಗಳಿಗಿಂತಲೂ ದಡದ ಅಗತ್ಯ ಹೆಚ್ಚು.

ಏಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನದಿಯೆಂದರೆ ಕಣ್ಣಿಗೆ ಕಾಣುವ ನೀರಿನ ಗೆರೆ ಮಾತ್ರವಲ್ಲ. ಯಾವ ಯಾವ ನೆಲದ ಮೇಲೆ ಬಿದ್ದ ಮಳೆ ಆ ಗೆರೆಗೆ ಬಂದು ಸೇರುತ್ತದೆಯೋ ಆ ನೆಲವೆಲ್ಲ ನದಿಯೇ. ಅದನ್ನು ಜಲಾನಯನ ಪ್ರದೇಶವೆನ್ನುತ್ತೇವೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರಾಗುತ್ತದೆ. ಈ ಲೀಟರ್ ಹೊಳೆಯನ್ನು ಸೇರಲು ಎಷ್ಟು ಸಮಯ ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ ನೆರೆ ನಿರ್ಧಾರವಾಗುತ್ತದೆ. ಕಾಡಿನ ನೆಲದಲ್ಲಿ ಅದು ಎಲೆಯ ಮೇಲೆ ನಿಂತು, ತೊಗಟೆಯಲ್ಲಿ ಜಾರಿ, ತರಗೆಲೆಯಲ್ಲಿ ತಂಗಿ, ಬೇರಿನ ಸಂದಿನಿಂದ ಮಣ್ಣಿಗಿಳಿದು, ಕೆಲವು ಪಾಲು ದಿನಗಳ ಬಳಿಕ, ಕೆಲವು ಪಾಲು ತಿಂಗಳುಗಳ ಬಳಿಕ ಹೊಳೆಗೆ ಬರುತ್ತದೆ. ಡಿಸೆಂಬರಿನಲ್ಲಿ ಹೊಳೆಯಲ್ಲಿ ಹರಿಯುವುದು ಆಗಸ್ಟಿನ ಮಳೆ. ಕಾಂಕ್ರೀಟಿನ ಮೇಲೆ ಬಿದ್ದ ಲೀಟರಿಗೆ ತಂಗುವ ತಾವಿಲ್ಲ; ಅದು ನಿಮಿಷಗಳಲ್ಲಿ ಹೊಳೆಗೆ ಬೀಳುತ್ತದೆ. ಒಂದೇ ಮಳೆ ಒಂದು ಕಡೆ ಹೊಳೆಯ ತುಂಬು ಹರಿವಾದರೆ ಇನ್ನೊಂದು ಕಡೆ ಮಳೆಗಾಲದಲ್ಲಿ ನೆರೆಯೂ ಬೇಸಿಗೆಯಲ್ಲಿ ಒಣಪಾತ್ರವೂ ಆಗುವುದು ಹೀಗೆ.

ನದಿ ಮತ್ತು ನೆಲ ಕೂಡುವ ಪಟ್ಟಿಗೆ ಈ ವ್ಯವಹಾರದಲ್ಲಿ ವಿಶೇಷ ಸ್ಥಾನವಿದೆ. ವಿಜ್ಞಾನಿಗಳು ಅದನ್ನು ತೀರದ ಕಾಪುವಲಯ ಅಥವಾ ಬಫರ್ ವಲಯ ಎನ್ನುತ್ತಾರೆ. ಅದು ಮಾಡುವ ಕೆಲಸಗಳು ಮುಖ್ಯವಾಗಿ ನಾಲ್ಕು. ಒಂದು, ಮರಗಿಡಗಳ ಬೇರುಗಳು ದಂಡೆಯ ಮಣ್ಣನ್ನು ಹೆಣೆದು ಹಿಡಿದು ಕೊರೆತವನ್ನು ತಡೆಯುತ್ತವೆ. ಎರಡು, ಕಾಂಡ, ಹುಲ್ಲು, ಪೊದೆಗಳ ಒರಟುತನದಿಂದ ನೆರೆನೀರಿನ ವೇಗ ತಗ್ಗುತ್ತದೆ. ವೇಗ ತಗ್ಗಿದ ನೀರು ತಾನು ಹೊತ್ತ ಹೂಳನ್ನು ದಡದಲ್ಲೇ ಇಳಿಸುತ್ತದೆ. ಮೂರು, ನೆಲದೊಳಗಿನಿಂದ ನದಿಯತ್ತ ಜಿನುಗುವ ನೀರಿನಲ್ಲಿರುವ ನೈಟ್ರೇಟಿನಂತಹ ಕಲ್ಮಶಗಳನ್ನು ಬೇರುಗಳೂ ಒದ್ದೆ ಮಣ್ಣಿನ ಸೂಕ್ಷ್ಮಜೀವಿಗಳೂ ಸೋಸಿಬಿಡುತ್ತವೆ. ನಾಲ್ಕು, ನೆರಳು ನೀರನ್ನು ತಂಪಾಗಿಟ್ಟು ಮೀನು, ಕಪ್ಪೆ, ಹಕ್ಕಿಗಳ ಬದುಕಿಗೆ ಆಸರೆಯಾಗುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಪೀಟರ್‌ಜಾನ್ ಮತ್ತು ಕಾರೆಲ್ ಎಂಬ ಸಂಶೋಧಕರು ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಲದಿಂದ ಹರಿದುಬಂದ ಸಾರಜನಕದ ಬಹುಪಾಲನ್ನು ಹೊಳೆಯಂಚಿನ ಕಿರಿದಾದ ಕಾಡು ತಡೆದು ಹಿಡಿದದ್ದು ಕಂಡುಬಂತು. ಆ ಬಳಿಕ ಜಗತ್ತಿನ ಅನೇಕ ಕಡೆ ಈ ಬಗೆಯ ಪರೀಕ್ಷೆಗಳಾಗಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುವುದು ಅಗತ್ಯ. ಮರ ನೆಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಪುವಲಯ ಸೋಸುವುದು ನೆಲದ ಮೇಲೆ ಹರಡಿ ಬರುವ ಮತ್ತು ನೆಲದೊಳಗಿಂದ ಜಿನುಗುವ ನೀರನ್ನು. ಕೊಳವೆಯಲ್ಲಿ ಬಂದು ನೇರವಾಗಿ ಹೊಳೆಗೆ ಬೀಳುವ ಚರಂಡಿಯ ಕೊಳೆ ಈ ಪಟ್ಟಿಯನ್ನು ಮುಟ್ಟುವುದೇ ಇಲ್ಲ. ಓಶಿವರಾದ ಕಪ್ಪುನೀರಿಗೆ ಕಾರಣವಾದ ಮನೆಗಳ ಮಲಿನ ಜಲ, ಕಾರ್ಖಾನೆಗಳ ತ್ಯಾಜ್ಯ, ತಬೇಲಾಗಳ ಸಗಣಿ ಇವುಗಳಿಗೆ ಶುದ್ಧೀಕರಣವೇ ಮದ್ದು. ಆದ್ದರಿಂದ ದಡವೂ ಬೇಕು, ಶುದ್ಧೀಕರಣವೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸಿಕೊಳ್ಳಲು ಆಡಳಿತಕ್ಕೆ ಅವಕಾಶ ಕೊಡಬಾರದು.

ಈ ವಿಜ್ಞಾನ ನಮಗೆ ಹೊರಗಿನಿಂದ ಬಂದದ್ದೆಂದು ಭಾವಿಸಬೇಕಾಗಿಲ್ಲ. ನಮ್ಮ ತುಳುನಾಡಿನ ಕೃಷಿಭೂಮಿಯ ವರ್ಗೀಕರಣವನ್ನು ನೆನಪಿಸಿಕೊಳ್ಳಿ: ಬೆಟ್ಟು, ಮಜಲು, ಬೈಲು. ಎತ್ತರದ ನೆಲ, ನಡುವಣ ನೆಲ, ನೀರು ನಿಲ್ಲುವ ತಗ್ಗುನೆಲ. ನೆಲಕ್ಕೆ ಹೆಸರಿಟ್ಟದ್ದೇ ನೀರಿನ ಲೆಕ್ಕದಲ್ಲಿ. ಬೈಲಿನಲ್ಲಿ ಭತ್ತ ಬೆಳೆದರು. ಮನೆಯನ್ನು ಅದರ ಅಂಚಿನ ಎತ್ತರದಲ್ಲಿ ಕಟ್ಟಿದರು. ಹೊಳೆಯಂಚಿನಲ್ಲಿ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ, ಬಿದಿರು, ಮುಂಡುಗದ ಹಿಂಡುಗಳನ್ನು ಉಳಿಸಿಕೊಂಡರು. ಅಳಿವೆಗಳಲ್ಲಿ ಕಾಂಡ್ಲಾ ಕಾಡು ತಾನಾಗಿ ಬೆಳೆಯಿತು. ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನೂ ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ ದೇವರ ಮೀನುಗಳೆಂದು ಕಾಪಾಡಿದರು. ಬಿಜಾಪುರದ ಸೀಮೆಯಲ್ಲಿ ಡೋಣಿ ಉಕ್ಕಿ ಹರಿದರೆ ನಾಡಿಗೆಲ್ಲ ಜೋಳವೆಂಬ ಅರ್ಥದ ಮಾತಿದೆ. ನೆರೆ ತರುವ ಮೆಕ್ಕಲು ಮಣ್ಣಿನ ಮಹತ್ವವನ್ನು ರೈತ ಅರಿತಿದ್ದ. ಎಲ್ಲವೂ ಸುಖವಾಗಿತ್ತೆಂದು ನಾನು ಹೇಳುತ್ತಿಲ್ಲ. 1923ರಲ್ಲಿ, 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ್ದನ್ನು ಹಿರಿಯರು ಹೇಳಿದ್ದನ್ನು ನೀವು ಕೇಳಿರಬಹುದು. ನೆರೆ ಬರುವುದು ನದಿಯ ಧರ್ಮ. ಅದಕ್ಕೆ ಹರಡಿಕೊಳ್ಳಲು ಜಾಗ ಬಿಡುವುದು ಊರಿನ ಧರ್ಮ.

ಈ ಹಿನ್ನೆಲೆಯಲ್ಲಿ ಮುಂಬಯಿಯನ್ನು ನೋಡೋಣ. 2005ರ ಜುಲೈ 26ರಿಂದ 27ರ ಬೆಳಗಿನವರೆಗಿನ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಮಾತ್ರ. ಆಕಾಶ ಕುಸಿದದ್ದು ಉಪನಗರಗಳ ಮೇಲೆ, ಈ ನಾಲ್ಕು ನದಿಗಳ ಮಡಿಲಿನ ಮೇಲೆ. 944 ಮಿ.ಮೀ. ಎಂದರೆ ಒಂದು ಎಕರೆಗೆ ಸುಮಾರು 38 ಲಕ್ಷ ಲೀಟರ್. ಆ ಮಧ್ಯಾಹ್ನವೇ ಸಮುದ್ರದಲ್ಲಿ ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಭರತವಿತ್ತು. ಇಳಿಯಬೇಕಾದ ನೀರಿಗೆ ಬಾಗಿಲು ಮುಚ್ಚಿತ್ತು. ಮುಂಬಯಿಯಲ್ಲಿ ನಾನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂತಹ ಮಳೆಯನ್ನು ಯಾವ ಕಾಪುವಲಯವೂ ಪೂರ್ತಿಯಾಗಿ ಇಂಗಿಸಲಾರದು ಎಂಬುದನ್ನು ಒಪ್ಪಬೇಕು. ಆದರೆ ಆಪತ್ತು ಅನಾಹುತವಾದದ್ದು ಮಳೆಯಿಂದ ಮಾತ್ರವಲ್ಲ.

ಇದಕ್ಕೆ ಒಂದು ಲೆಕ್ಕವೇ ಸಾಕ್ಷಿ. ಮುಂಬಯಿಯ ಹಳೆಯ ಮಳೆನೀರು ಚರಂಡಿಗಳನ್ನು ಗಂಟೆಗೆ 25 ಮಿ.ಮೀ. ಮಳೆಗೆಂದು ಯೋಜಿಸಲಾಗಿತ್ತು. ಆ ಲೆಕ್ಕದಲ್ಲಿ ಇನ್ನೊಂದು ಊಹೆಯೂ ಅಡಗಿತ್ತು: ಬಿದ್ದ ಮಳೆಯಲ್ಲಿ ಅರ್ಧ ಮಾತ್ರ ಚರಂಡಿಗೆ ಬರುತ್ತದೆ, ಉಳಿದರ್ಧ ನೆಲದಲ್ಲಿ ಇಂಗುತ್ತದೆ. ಅಂದರೆ ಹಳೆಯ ಇಂಜಿನಿಯರುಗಳು ಬಯಲು, ತೋಟ, ಗದ್ದೆ, ಜೌಗು, ದಡ ಇವುಗಳನ್ನೆಲ್ಲ ಚರಂಡಿ ವ್ಯವಸ್ಥೆಯ ಅರ್ಧಭಾಗವೆಂದೇ ಎಣಿಸಿದ್ದರು. ಆಮೇಲಿನವರು ಆ ಅರ್ಧವನ್ನು ನಿವೇಶನಗಳಾಗಿ ಮಾರಿದರು. ಚರಂಡಿ ಮಾತ್ರ ಹಾಗೆಯೇ ಉಳಿಯಿತು. 1993ರ ಬ್ರಿಮ್‌ಸ್ಟೊವಾಡ್ ವರದಿ ಈ ಸಾಮರ್ಥ್ಯವನ್ನು ಗಂಟೆಗೆ 50 ಮಿ.ಮೀ.ಗೆ ಏರಿಸಬೇಕೆಂದು ಹೇಳಿತು. ಬಿದ್ದ ಮಳೆಯೆಲ್ಲ ಚರಂಡಿಗೇ ಬರುತ್ತದೆಂದು ಹೊಸ ಲೆಕ್ಕ ಒಪ್ಪಿಕೊಂಡಿತು. ವರದಿ ಬಂದ ಹನ್ನೆರಡು ವರ್ಷಗಳ ಬಳಿಕ ಆ ಮಹಾಮಳೆ ಬಂದಾಗ ಅದರ ಬಹುಪಾಲು ಕಾಗದದಲ್ಲೇ ಇತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆ ಮೇಲೆ ಕೆಲಸ ಚುರುಕಾಯಿತು.

ಮಿಠಿ ನದಿಯ ಕತೆ ಇನ್ನೂ ಕಠೋರ. ವಿಮಾನ ನಿಲ್ದಾಣದ ಬಳಿ ಅದನ್ನು ಲಂಬಕೋನಗಳಲ್ಲಿ ತಿರುಗಿಸಿ, ರನ್‌ವೇಯ ಕೆಳಗೆ ನುಗ್ಗಿಸಲಾಗಿದೆ. ಕೆಳಹರಿವಿನ ಕಾಂಡ್ಲಾ ಜೌಗನ್ನು ತುಂಬಿಸಿದ ನೆಲದ ಮೇಲೆ ಬಾಂದ್ರಾ ಕುರ್ಲಾ ಸಂಕೀರ್ಣದ ಗಾಜಿನ ಮಹಲುಗಳು ನಿಂತಿವೆ. 2005ರ ನೆರೆಯ ಬಳಿಕ ಮಾಧವ ಚಿತಳೆಯವರ ಅಧ್ಯಕ್ಷತೆಯಲ್ಲಿ ಸತ್ಯಶೋಧನ ಸಮಿತಿ ನೇಮಕವಾಗಿ 2006ರಲ್ಲಿ ವರದಿ ಕೊಟ್ಟಿತು. ಮಿಠಿಗೆ ಪ್ರತ್ಯೇಕ ಪ್ರಾಧಿಕಾರವೂ ರಚನೆಯಾಯಿತು. ಆಮೇಲೆ ನಾವು ಕಣ್ಣಾರೆ ಕಂಡದ್ದು ಏನು? ನದಿಯನ್ನು ಅಗಲಗೊಳಿಸುವುದು, ಆಳಗೊಳಿಸುವುದು, ಎರಡೂ ಬದಿ ಕಾಂಕ್ರೀಟು ಗೋಡೆ ಕಟ್ಟುವುದು. ದಹಿಸರ್, ಪೊಯಿಸರ್, ಓಶಿವರಾಗಳಿಗೂ ಇದೇ ಚಿಕಿತ್ಸೆ. ಗೋಡೆ ಕೆಲವು ಕಡೆ ಅನಿವಾರ್ಯವಿರಬಹುದು. ಆದರೆ ಗೋಡೆಯ ನಡುವೆ ನೀರು ಇನ್ನಷ್ಟು ರಭಸದಿಂದ ಓಡಿ ಕೆಳಗಿನವರ ಮನೆಯನ್ನು ಇನ್ನಷ್ಟು ಬೇಗ ಮುಟ್ಟುತ್ತದೆ. ಹೊರಗಿನ ನೀರು ಒಳಗೆ ಇಳಿಯಲು ದಾರಿಯಿಲ್ಲದೆ ಗೋಡೆಯ ಹಿಂದೆ ನಿಲ್ಲುತ್ತದೆ. ಅಂತರ್ಜಲಕ್ಕೂ ಹೊಳೆಗೂ ಇದ್ದ ಕೊಡುಕೊಳು ಕಡಿದುಹೋಗುತ್ತದೆ. ನೆದರ್‌ಲ್ಯಾಂಡಿನವರು ಶತಮಾನಗಳ ಕಾಲ ಏರಿ ಕಟ್ಟಿ ಬದುಕಿದ ಜನ. 1993 ಮತ್ತು 1995ರ ನೆರೆಗಳ ಬಳಿಕ ಅವರೇ ಮನಸ್ಸು ಬದಲಿಸಿ, ನದಿಗೆ ಜಾಗ ಕೊಡುವ ಯೋಜನೆಯಡಿ ಮೂವತ್ತಕ್ಕೂ ಹೆಚ್ಚು ಕಡೆ ಏರಿಯನ್ನು ಹಿಂದಕ್ಕೆ ಸರಿಸುವುದು, ನೆರೆಬಯಲನ್ನು ತಗ್ಗಿಸುವುದು ಮುಂತಾದ ಕ್ರಮ ಕೈಗೊಂಡರು. ಏರಿ ಕಟ್ಟುವ ವಿದ್ಯೆಯಲ್ಲಿ ಜಗದ್ವಿಖ್ಯಾತರಾದವರು ಕಲಿತ ಪಾಠವನ್ನು ನಾವೇಕೆ ಕಲಿಯಬಾರದು?

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆಗಳೆಂಬ ಎರಡು ನೆರೆಗೆರೆಗಳನ್ನು ಎಳೆಯುತ್ತದೆ. ಸ್ಥೂಲವಾಗಿ, ಇಪ್ಪತ್ತೈದು ವರ್ಷಗಳಿಗೊಮ್ಮೆ ಬರಬಹುದಾದ ನೆರೆಯ ಅಂಚು ನೀಲಿ. ನೂರು ವರ್ಷಗಳಿಗೊಮ್ಮೆ ಬರಬಹುದಾದುದರ ಅಂಚು ಕೆಂಪು. ನೀಲಿಯೊಳಗೆ ಕಟ್ಟಡ ನಿಷಿದ್ಧ. ನೀಲಿ ಕೆಂಪುಗಳ ನಡುವೆ ನಿರ್ಬಂಧ. ಅಳಿವೆಗಳ ಕಾಂಡ್ಲಾಕಾಡಿನ ಸುತ್ತ 50 ಮೀಟರ್ ಕಾಪುವಲಯವಿರಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ 2018ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಇದಕ್ಕೆ ವಿರುದ್ಧವಾದ ಬೆಳವಣಿಗೆಯೂ ಉಂಟು: ನದಿಗಳ ಬಳಿ ಕೈಗಾರಿಕೆಗಳನ್ನು ನಿಯಂತ್ರಿಸುತ್ತಿದ್ದ ರಾಜ್ಯದ ನದಿ ನಿಯಂತ್ರಣ ವಲಯ ನೀತಿಯನ್ನು 2015ರಲ್ಲಿ ಕೈಬಿಡಲಾಯಿತು. ನಮ್ಮ ಬೆಂಗಳೂರಿನ ಕತೆಯೂ ಭಿನ್ನವಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ 50, 35, 25 ಮೀಟರ್ ಕಾಪುವಲಯ ವಿಧಿಸಿತು. ನಗರದ ಶಾಸನಬದ್ಧ ಮಾಸ್ಟರ್ ಪ್ಲಾನಿಗೆ ಅದು ಹೊಂದುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚಿನಲ್ಲಿ ಆ ನಿರ್ದೇಶನವನ್ನು ರದ್ದುಪಡಿಸಿತು. 2022ರಲ್ಲಿ ಬೆಂಗಳೂರಿನ ಐಷಾರಾಮಿ ಬಡಾವಣೆಗಳು ಮುಳುಗಿ, ಜನ ದೋಣಿ ಟ್ರಾಕ್ಟರುಗಳಲ್ಲಿ ಹೊರಬಂದುದನ್ನು ದೇಶವೆಲ್ಲ ನೋಡಿತು. ಗೆರೆ ಎಳೆಯುವುದು ಕಾನೂನಿನ ಕೆಲಸ. ಗೆರೆಯನ್ನು ಉಳಿಸುವುದು ರಾಜಕೀಯ ಇಚ್ಛೆ. ಅದು ಮತದಾರರಾದ ನಮ್ಮಿಂದ ಹುಟ್ಟಬೇಕು.

ಗೋರೆಗಾಂವ್‌ನವರಾದ ನಾವು ಆರೇಯ ಹೆಸರೆತ್ತದೆ ಈ ಮಾತನ್ನು ಮುಂದುವರಿಸಲಾಗದು. 1949ರಲ್ಲಿ ಹಾಲಿನ ಕಾಲನಿಯಾಗಿ ಸ್ಥಾಪನೆಗೊಂಡ ಆರೇ ಸುಮಾರು 1,287 ಹೆಕ್ಟೇರುಗಳ ಹಸಿರು. ವಾರ್ಲಿ ಮುಂತಾದ ಆದಿವಾಸಿಗಳ ಪಾಡಾಗಳು ಅಲ್ಲಿ ಹಿಂದಿನಿಂದಲೂ ಇವೆ. ಅದು ಓಶಿವರಾದ ತವರು, ಮಿಠಿಯ ಮೇಲ್ಮಡಿಲು. ಮೆಟ್ರೋ ಮೂರನೆಯ ಮಾರ್ಗದ ಕಾರ್‌ಶೆಡ್ಡಿಗಾಗಿ 2019ರ ಅಕ್ಟೋಬರ್ 4ರ ರಾತ್ರಿ ಅಲ್ಲಿ ಮರ ಕಡಿಯತೊಡಗಿದಾಗ ತರುಣ ತರುಣಿಯರು ಬೀದಿಗಿಳಿದರು, ಬಂಧನಕ್ಕೊಳಗಾದರು. ಸರ್ವೋಚ್ಚ ನ್ಯಾಯಾಲಯ ಅಕ್ಟೋಬರ್ 7ರಂದು ತಡೆಯೊಡ್ಡುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದವು. ಸರಕಾರಗಳು ಬದಲಾದಂತೆ ಯೋಜನೆ ಕಾಂಜೂರಿಗೆ ಹೋಗಿ 2022ರಲ್ಲಿ ಆರೇಗೇ ಮರಳಿತು. 2024ರ ಅಕ್ಟೋಬರಿನಲ್ಲಿ ಮೆಟ್ರೋ ಓಡತೊಡಗಿತು. ಮೆಟ್ರೋ ನಮಗೆ ಬೇಕು; ಲೋಕಲ್ ಗಾಡಿಯಲ್ಲಿ ತೂಗಾಡಿ ಬದುಕು ಸವೆಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಆ ಜಾಗ ಮಿಠಿಯ ನೆರೆಬಯಲೆಂಬ ವಾದ ಮರಗಳ ಸಂಖ್ಯೆಯ ಗದ್ದಲದಲ್ಲಿ ಮುಳುಗಿಹೋಯಿತು. ಕಡಿದ ಮರಕ್ಕೆ ಬದಲಾಗಿ ಬೇರೆಡೆ ಮರ ನೆಡಬಹುದು. ಹೊಳೆಯ ಬಯಲಿಗೆ ಬದಲಾಗಿ ಬೇರೆಡೆ ಹೊಳೆಯ ಬಯಲನ್ನು ಮಾಡಲಾಗದು. ಈ ಹೋರಾಟದ ಒಂದು ಫಲವಾಗಿ 2020ರಲ್ಲಿ ಆರೇಯ ಸುಮಾರು 800 ಎಕರೆಯನ್ನು ಮೀಸಲು ಅರಣ್ಯವೆಂದು ಘೋಷಿಸುವ ಪ್ರಕ್ರಿಯೆ ನಡೆಯಿತು ಎಂಬುದನ್ನು ಮರೆಯಬಾರದು.

ಇನ್ನು ನಮಗೆ ಮುಜುಗರವಾಗುವ ಒಂದು ಮಾತು. ದಡದ ಮೇಲೆ ಯಾರಿದ್ದಾರೆ? ಹೊಳೆ ಅಗಲವಾಗಬೇಕೆಂದಾಗ ಮೊದಲು ಒಡೆಯುವುದು ಗುಡಿಸಲನ್ನು. ರನ್‌ವೇ ಅಲುಗುವುದಿಲ್ಲ, ಗಾಜಿನ ಮಹಲು ಅಲುಗುವುದಿಲ್ಲ. ಆ ಗುಡಿಸಲುಗಳಲ್ಲಿ ಕಲಬುರ್ಗಿ, ಬಿಜಾಪುರಗಳ ಬರದಿಂದ ಓಡಿಬಂದ, ಗಾರೆ ಕೆಲಸ, ಮಣ್ಣು ಕೆಲಸ ಮಾಡುವ ನಮ್ಮ ಕನ್ನಡಿಗರೂ ಇದ್ದಾರೆ. ನಮ್ಮ ವಾರ್ಷಿಕೋತ್ಸವಗಳ ಆಮಂತ್ರಣ ಅವರ ಬಾಗಿಲಿಗೆ ಹೋಗುವುದು ಅಪರೂಪ. ಇನ್ನೊಂದು ತುದಿಯಲ್ಲಿ, ನಮ್ಮ ಹೆಮ್ಮೆಯ ಹೋಟೆಲು ಉದ್ಯಮದ ಅಡುಗೆಮನೆಗಳ ಜಿಡ್ಡುನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಹೊಳೆಯನ್ನು ಕೆಡಿಸುವ ತುದಿಯಲ್ಲೂ ಕನ್ನಡಿಗನಿದ್ದಾನೆ, ಹೊಳೆ ಕೆಟ್ಟಾಗ ಮುಳುಗುವ ತುದಿಯಲ್ಲೂ ಕನ್ನಡಿಗನಿದ್ದಾನೆ. ಕಾಪುವಲಯದ ಬೇಡಿಕೆ ಬಡವರನ್ನು ಒಕ್ಕಲೆಬ್ಬಿಸುವ ನೆಪವಾಗಕೂಡದು. ದಡದಿಂದ ಸರಿಯಬೇಕಾದವರಿಗೆ ಹತ್ತಿರದಲ್ಲೇ, ಅವರ ದುಡಿಮೆ ಮಕ್ಕಳ ಶಾಲೆಗಳಿಗೆ ಭಂಗವಿಲ್ಲದಂತೆ, ಭದ್ರವಾದ ಸೂರು ಸಿಗಬೇಕು. ಇದು ದಯೆಯ ಮಾತಲ್ಲ, ನ್ಯಾಯದ ಮಾತು.

ನದಿಗೆ ಭಾಷೆಯ ಗಡಿಯಿಲ್ಲವೆಂಬುದನ್ನು ಈ ರಾಜ್ಯದಲ್ಲಿ ಬಾಳುವ ನಾವು ಇತರರಿಗಿಂತ ಹೆಚ್ಚು ಬಲ್ಲೆವು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ, ಕೊಲ್ಹಾಪುರಗಳೂ ಬೆಳಗಾವಿ, ಬಾಗಲಕೋಟೆಗಳೂ ಒಟ್ಟಿಗೇ ಮುಳುಗಿದವು. ಆಗ ಇಲ್ಲಿ ಎದ್ದ ಕೂಗು ಆಲಮಟ್ಟಿ ಅಣೆಕಟ್ಟಿನ ವಿರುದ್ಧ. ಮಹಾರಾಷ್ಟ್ರ ಸರಕಾರವೇ ನಂದಕುಮಾರ ವಡನೇರೆಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ನೆರೆಗೆ ಆಲಮಟ್ಟಿ ಕಾರಣವೆಂಬ ವಾದವನ್ನು ಒಪ್ಪಲಿಲ್ಲ. ಅತಿಮಳೆಯ ಜೊತೆಗೆ ನದಿಪಾತ್ರ, ನೆರೆಬಯಲುಗಳ ಒತ್ತುವರಿಯತ್ತ ಬೆರಳು ತೋರಿಸಿತು. ಆದರೂ ಆ ವಿವಾದ ಇನ್ನೂ ಶಮನಗೊಂಡಿಲ್ಲ. ನೆರೆರಾಜ್ಯವನ್ನು ದೂರುವುದು ಸುಲಭ, ನಮ್ಮದೇ ದಂಡೆಯ ಒತ್ತುವರಿಯನ್ನು ತೆರವುಗೊಳಿಸುವುದು ಕಷ್ಟ. ಎರಡೂ ಭಾಷೆಗಳನ್ನು ಬಲ್ಲ ಹೊರನಾಡ ಕನ್ನಡಿಗರು ಈ ವಿಷಯದಲ್ಲಿ ಸತ್ಯವನ್ನು ಎರಡೂ ಕಡೆಗೆ ತಲುಪಿಸುವ ಸೇತುವೆಯಾಗಬಲ್ಲರು.

ಹಾಗಾದರೆ ಸಂಘವೊಂದು ಮಾಡಬಹುದಾದದ್ದೇನು? ನನಗೆ ತೋಚಿದ ನಾಲ್ಕು ಸೂಚನೆಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ನಮ್ಮ ಮಕ್ಕಳೊಡನೆ ಒಂದು ಭಾನುವಾರ ಆರೇಯಿಂದ ಮಾಲಾಡ್ ಖಾರಿಯವರೆಗೆ ಓಶಿವರಾ, ವಾಲ್‌ಭಟ್‌ಗಳ ಜಾಡನ್ನು ಹಿಡಿದು ನಡೆಯೋಣ. ಎಲ್ಲಿ ದಡವಿದೆ, ಎಲ್ಲಿಲ್ಲ, ಎಲ್ಲಿ ಕೊಳವೆ ಬಂದು ಬೀಳುತ್ತದೆ ಎಂಬುದನ್ನು ಗುರುತಿಸಿ ನಕ್ಷೆ ಮಾಡೋಣ. ನಗರದ ನದಿಗಳಿಗಾಗಿ ರಿವರ್ ಮಾರ್ಚ್ ಎಂಬ ಹೆಸರಿನಲ್ಲಿ ನಾಗರಿಕರು ಇಂತಹ ನಡಿಗೆಗಳನ್ನು ಕೈಗೊಂಡಿದ್ದಾರೆ, ಅವರೊಡನೆ ಕೈಜೋಡಿಸಬಹುದು. ಎರಡನೆಯದು, ನಮ್ಮ ಹೋಟೆಲು ಬಾಂಧವರು ಜಿಡ್ಡುತಡೆ ತೊಟ್ಟಿಗಳನ್ನು ಕಡ್ಡಾಯವಾಗಿ ಅಳವಡಿಸಿಕೊಂಡು ಇತರರಿಗೆ ಮಾದರಿಯಾಗಲಿ. ಮೂರನೆಯದು, ಚುನಾವಣೆಗೆ ನಿಂತವರು ನಮ್ಮ ಸಭೆಗೆ ಬಂದಾಗ ಶಾಲು ಹೊದಿಸುವ ಮುನ್ನ ಒಂದು ಪ್ರಶ್ನೆ ಕೇಳೋಣ: ಈ ನದಿಯ ನೆರೆಗೆರೆಯ ನಕ್ಷೆ ಎಲ್ಲಿದೆ? ಅದರೊಳಗೆ ಇನ್ನು ಮುಂದೆ ಕಟ್ಟಡಕ್ಕೆ ಅನುಮತಿ ಕೊಡುವುದಿಲ್ಲವೆಂದು ಮಾತು ಕೊಡುವಿರಾ? ನಾಲ್ಕನೆಯದು, ಗೋಡೆ ಕಟ್ಟಿಲ್ಲದ ಕಡೆಯಲ್ಲಿ ಉಳಿದಿರುವ ಮಣ್ಣಿನ ದಡವನ್ನಾದರೂ ಮಣ್ಣಾಗಿಯೇ ಉಳಿಸಿ, ಈ ನೆಲದ್ದೇ ಮರಗಳಾದ ಅತ್ತಿ, ಹೊಂಗೆ, ನೇರಳೆಗಳನ್ನು ಬೆಳೆಸಲು ಪಾಲಿಕೆಯನ್ನು ಒತ್ತಾಯಿಸೋಣ. ಹಾಳಾದುದನ್ನು ಹಿಂದಕ್ಕೆ ತರುವುದಕ್ಕಿಂತ ಉಳಿದುದನ್ನು ಕಾಯುವುದು ಯಾವಾಗಲೂ ಅಗ್ಗ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಅನ್ನ ಕೊಟ್ಟ ಊರಿನ ವಿಷಯದಲ್ಲಿ ಹೊರನಾಡಿಗರ ಮೇಲೆ ಆ ಆಪಾದನೆ ಬರಬಾರದು. ಒಂದು ಊರಿನಲ್ಲಿ ಮನೆ ಕೊಂಡ ಮಾತ್ರಕ್ಕೆ ನಾವು ಆ ಊರಿನವರಾಗುವುದಿಲ್ಲ. ಅಲ್ಲಿನ ನೀರಿನ ಹೊಣೆ ಹೊತ್ತಾಗ ಆಗುತ್ತೇವೆ. ನೇತ್ರಾವತಿಯ ಮೇಲಿನ, ಕೃಷ್ಣೆಯ ಮೇಲಿನ ಪ್ರೀತಿಗೆ ಇದರಿಂದ ಕುಂದಿಲ್ಲ. ಆ ಪ್ರೀತಿಯ ಒಂದು ಬೊಗಸೆ ಓಶಿವರಾಕ್ಕೂ ಸಲ್ಲಲಿ ಎಂದಷ್ಟೇ ನನ್ನ ಕೋರಿಕೆ.